ಓದುಗರ ಪ್ರಶ್ನೆ: ಎರಡು ಭಾಷೆ ಬಂದರೆ ಸಾಕೇ?

ಪದವಿಯ ನಂತರದ ಓದನ್ನು ಕುರಿತ ಪ್ರಶ್ನೆಗಳನ್ನು ಕಳುಹಿಸುವಂತೆ ಈ ಅಂಕಣದಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅನುವಾದ ಮತ್ತು ದುಭಾಷಿ ಕೆಲಸದ ಬಗ್ಗೆ ಕೇಳಿದವೇ ಹೆಚ್ಚಾಗಿದ್ದುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ನಾನು ಮೊದಲು ಕಾಗದದ ಮೇಲೆ ಅನುವಾದ ಮಾಡಿ, ಆಮೇಲೆ ಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ದುಭಾಷಿಯಾಗಿ ನಿಂತು, ಕೊನೆಗೆ ತರಗತಿಗೆ ಬಂದವನು. ಈ ಉತ್ತರಗಳಲ್ಲಿ ಪುಸ್ತಕಕ್ಕಿಂತ ಅಭ್ಯಾಸದ ಕಡೆಗೆ ಒಲವು ಕಂಡುಬಂದರೆ ಅದಕ್ಕೆ ಕಾರಣ ಅದೇ.

ನಾನು ಬಿ.ಎ. ಕೊನೆಯ ವರ್ಷದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಐಚ್ಛಿಕ ವಿಷಯಗಳಾಗಿ ಓದುತ್ತಿದ್ದೇನೆ. ಕನ್ನಡದ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗಿನಿಂದ ಅನುವಾದಕಿಯಾಗಬೇಕೆಂಬ ಆಸೆ ಹುಟ್ಟಿದೆ. ಮನೆಯಲ್ಲಿ ಮಾತ್ರ, "ಎರಡು ಭಾಷೆ ಬರುತ್ತದಲ್ಲ, ಅದಕ್ಕೆ ಮತ್ತೆ ಎರಡು ವರ್ಷ ಓದಬೇಕೇ?" ಎನ್ನುತ್ತಾರೆ. ಇದನ್ನು ಎಲ್ಲಿ ಓದಬಹುದು, ಅಲ್ಲಿ ಕಲಿಸುವುದಾದರೂ ಏನನ್ನು? — ವಿಜಯನಗರದ ವಿದ್ಯಾರ್ಥಿನಿ

ನಿಮ್ಮ ಮನೆಯವರ ಮಾತು ಅರ್ಧ ಸರಿ. ಅನುವಾದ ಮಾಡುವುದಕ್ಕೆ ಪದವಿ ಇರಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಕನ್ನಡದ ಒಳ್ಳೆಯ ಅನುವಾದಕರಲ್ಲಿ ಹೆಚ್ಚಿನವರು ಮೇಷ್ಟ್ರುಗಳಾಗಿಯೋ ವಕೀಲರಾಗಿಯೋ ಬ್ಯಾಂಕಿನ ನೌಕರರಾಗಿಯೋ ಇದ್ದುಕೊಂಡು, ರಾತ್ರಿ ಕುಳಿತು ಆ ಕೆಲಸ ಮಾಡಿದವರು. ಆದರೆ ಉದ್ಯೋಗವಾಗಿ ಮಾಡುವವರ ಲೆಕ್ಕ ಸ್ವಲ್ಪ ಬೇರೆ. ಅನುವಾದ ಸೇವೆಗಳಿಗೆಂದು 2015ರಲ್ಲಿ ಬಂದ ಐಎಸ್‌ಒ 17100 ಎಂಬ ಅಂತಾರಾಷ್ಟ್ರೀಯ ಮಾನಕವು ಅನುವಾದಕರ ಅರ್ಹತೆಗೆ ಮೂರು ದಾರಿಗಳನ್ನು ಹೇಳುತ್ತದೆ. ಅನುವಾದದಲ್ಲಿಯೇ ಪದವಿ ಪಡೆದಿರಬೇಕು. ಬೇರೆ ವಿಷಯದ ಪದವಿಯಾದರೆ ಜೊತೆಗೆ ಎರಡು ವರ್ಷದ ಪೂರ್ಣಾವಧಿ ಅನುಭವವಿರಬೇಕು. ಅದೂ ಇಲ್ಲವೆಂದರೆ ಐದು ವರ್ಷದ ಅನುಭವ ಬೇಕು. ಈ ಓದು ನಿಮಗೆ ಉಳಿಸಿಕೊಡುವುದು ಮುಖ್ಯವಾಗಿ ಆ ವರ್ಷಗಳನ್ನು. ಅದೇ ಮಾನಕವು ಅನುವಾದವನ್ನು ಎರಡನೆಯ ವ್ಯಕ್ತಿಯೊಬ್ಬರು ಮೂಲದೊಡನೆ ಹೋಲಿಸಿ ತಿದ್ದಲೇಬೇಕು ಎನ್ನುತ್ತದೆ. ತಿದ್ದಿಸಿಕೊಳ್ಳುವುದನ್ನೂ ಇನ್ನೊಬ್ಬರದನ್ನು ತಿದ್ದುವುದನ್ನೂ ಮನೆಯಲ್ಲಿ ಒಬ್ಬರೇ ಕುಳಿತು ಕಲಿಯುವುದಕ್ಕೆ ಆಗುವುದಿಲ್ಲ. ತರಗತಿಯ ನಿಜವಾದ ಪ್ರಯೋಜನ ಅಲ್ಲಿದೆ.

ಎಲ್ಲಿ ಓದಬಹುದೆಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕನ್ನಡ ಅಥವಾ ಇಂಗ್ಲಿಷ್ ಎಂ.ಎ. ಓದುವವರಿಗೆ ಅನುವಾದವು ಸಾಮಾನ್ಯವಾಗಿ ಒಂದು ಪತ್ರಿಕೆಯಾಗಿ ಎದುರಾಗುತ್ತದೆ. ರುಚಿ ನೋಡುವುದಕ್ಕೆ ಅಷ್ಟು ಸಾಕು, ಹೊಟ್ಟೆ ತುಂಬುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಆರಂಭವಾದ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರವಿದೆ. ಯಂತ್ರಾನುವಾದ ಮತ್ತು ಭಾಷಾವಿಜ್ಞಾನದ ಕಡೆಗೂ ಮನಸ್ಸಿದ್ದರೆ ಅದು ನಿಮಗೆ ಹೊಂದುತ್ತದೆ. ಇಗ್ನೋ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಮೂಲಕ ಅನುವಾದದ ಡಿಪ್ಲೊಮಾವನ್ನೂ ಎಂ.ಎ.ಯನ್ನೂ ಪಡೆಯಬಹುದು, ಆದರೆ ಅಲ್ಲಿನ ಅಭ್ಯಾಸಗಳು ಬಹುಮಟ್ಟಿಗೆ ಹಿಂದಿ ಮತ್ತು ಇಂಗ್ಲಿಷ್ ಜೋಡಿಯ ಸುತ್ತ ಹೆಣೆದವು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ತಿಳಿದಿರಬೇಕು. ಪದವಿಯ ಹೊರಗೆ ಸಿಗುವ ಕಲಿಕೆಯನ್ನೂ ಕಡೆಗಣಿಸಬೇಡಿ. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಮತ್ತು ಸಾಹಿತ್ಯ ಅಕಾಡೆಮಿ ಬೆಂಗಳೂರಿನಲ್ಲಿ ನಡೆಸುವ ಶಬ್ದನ ಎಂಬ ಅನುವಾದ ಕೇಂದ್ರ ಎರಡೂ ವಿಜಯನಗರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿವೆ. ರಾಷ್ಟ್ರೀಯ ಅನುವಾದ ಮಿಷನ್ ಇರುವುದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ.

ಇನ್ನು ಕಲಿಸುವ ವಿಷಯ. ಅನುವಾದ ಅಧ್ಯಯನವು ಸ್ವತಂತ್ರ ಶಾಸ್ತ್ರವಾಗಿ ತನ್ನ ನಕ್ಷೆಯನ್ನು ತಾನೇ ಬರೆದುಕೊಂಡದ್ದು ಈಚೆಗೆ. ಜೇಮ್ಸ್ ಹೋಮ್ಸ್ 1972ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಂಡಿಸಿದ ಪ್ರಬಂಧವನ್ನು ಸಾಮಾನ್ಯವಾಗಿ ಅದರ ಮೊದಲ ಗುರುತೆಂದು ಹೇಳುತ್ತಾರೆ. ಸಿದ್ಧಾಂತಗಳ ಪಟ್ಟಿಯಿಂದ ನಿಮ್ಮನ್ನು ಹೆದರಿಸುವುದಿಲ್ಲ, ಒಂದನ್ನು ಮಾತ್ರ ಹೇಳುತ್ತೇನೆ. ಜರ್ಮನಿಯ ಹಾನ್ಸ್ ಫರ್ಮೇರ್ ಅವರು, ಅನುವಾದ ಹೇಗಿರಬೇಕೆಂಬುದನ್ನು ಮೂಲಪಠ್ಯ ಒಂದೇ ತೀರ್ಮಾನಿಸುವುದಿಲ್ಲ, ಅನುವಾದ ಯಾವ ಉದ್ದೇಶಕ್ಕೆ ಬಳಕೆಯಾಗಲಿದೆ ಎಂಬುದು ತೀರ್ಮಾನಿಸುತ್ತದೆ ಎಂದರು. ನಮ್ಮ ಬಡಾವಣೆಯಲ್ಲಿ ಎರಡು ದಿನ ಕಾವೇರಿ ನೀರು ಬರುವುದಿಲ್ಲವೆಂಬ ಜಲಮಂಡಳಿಯ ಪ್ರಕಟಣೆಯನ್ನೇ ತೆಗೆದುಕೊಳ್ಳಿ. ಅದನ್ನು ಪಕ್ಕದ ಮನೆಯ ಒಡಿಶಾದ ಸಂಸಾರಕ್ಕೆಂದು ಅನುವಾದಿಸುವಾಗ ಯಾವ ದಿನ, ಎಷ್ಟು ಗಂಟೆಯಿಂದ ಎಂಬಷ್ಟು ಸ್ಪಷ್ಟವಾದರೆ ಕೆಲಸ ಮುಗಿಯಿತು. ಅದೇ ಪ್ರಕಟಣೆ ಒಂದು ದಾವೆಯಲ್ಲಿ ದಾಖಲೆಯಾಗಿ ಹಾಜರಾಗುವುದಿದ್ದರೆ ಕಡತದ ಸಂಖ್ಯೆ, ಮೊಹರು, ಸಹಿ, ಕೈಯಲ್ಲಿ ಹೊಡೆದುಹಾಕಿದ ಸಾಲು, ಮೂಲದಲ್ಲಿರುವ ಕಾಗುಣಿತದ ತಪ್ಪು ಎಲ್ಲವೂ ಅನುವಾದದಲ್ಲಿ ಕಾಣಬೇಕು. ಪಠ್ಯ ಒಂದೇ, ಅನುವಾದ ಎರಡು, ಎರಡೂ ಸರಿ. ಈ ಒಂದು ತಿಳಿವಳಿಕೆ ಗಟ್ಟಿಯಾಗಿ ಕೂತರೆ ಮೊದಲ ಸೆಮಿಸ್ಟರ್ ಸಾರ್ಥಕ.

ಎರಡು ವರ್ಷದಲ್ಲಿ ನಿಮ್ಮನ್ನು ಹೆಚ್ಚು ಕಾಡುವುದು ಇಂಗ್ಲಿಷ್ ಅಲ್ಲ, ಕನ್ನಡ. ನನ್ನ ತರಗತಿಗೆ ಬರುವವರು "ವರದಿಯು ಸಮಿತಿಯಿಂದ ಸಿದ್ಧಪಡಿಸಲ್ಪಟ್ಟಿತು" ಎಂದು ಸಂಕೋಚವಿಲ್ಲದೆ ಬರೆಯುತ್ತಾರೆ. ಅಡುಗೆಮನೆಯಲ್ಲಿ ಯಾರೂ "ಸಾರು ಅಮ್ಮನಿಂದ ಮಾಡಲ್ಪಟ್ಟಿತು" ಎನ್ನುವುದಿಲ್ಲ. "ಅಮ್ಮ ಸಾರು ಮಾಡಿದಳು" ಎನ್ನುತ್ತೇವೆ. ಬಾಯಿಗೆ ಗೊತ್ತಿರುವ ಕನ್ನಡ ಬರೆಯಲು ಕೂತಾಗ ಕೈಗೆ ಮರೆತುಹೋಗುತ್ತದೆ. ಕಾಲೇಜು ಮುಗಿಯುವುದರೊಳಗೆ ಕನ್ನಡದ ಗದ್ಯವನ್ನು ಎಲ್ಲ ಬಗೆಗಳಲ್ಲಿಯೂ ಓದಿಕೊಳ್ಳಿ: ಕಥೆ, ಪ್ರಬಂಧಗಳ ಜೊತೆಗೆ ತೀರ್ಪು, ಕೃಷಿ ಇಲಾಖೆಯ ಕೈಪಿಡಿ, ಔಷಧದ ಪೆಟ್ಟಿಗೆಯೊಳಗಿನ ಚೀಟಿ ಕೂಡ.

ಬೂಕರ್ ಬಗ್ಗೆ ಒಂದು ಮಾತು. 2025ರ ಮೇ ತಿಂಗಳಲ್ಲಿ ಆ ಪ್ರಶಸ್ತಿ ಬಂದಾಗ 50,000 ಪೌಂಡ್ ಮೊತ್ತವು ಲೇಖಕಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸರಿಸಮನಾಗಿ ಹಂಚಿಕೆಯಾಯಿತು. ಆ ಸರಿಪಾಲನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮೊದಲ ಪುಸ್ತಕದ ಕರಾರುಪತ್ರದಲ್ಲಿ ಮುಖಪುಟದ ಮೇಲೆ ನಿಮ್ಮ ಹೆಸರಿರುತ್ತದೆಯೇ ಎಂದು ಕೇಳುವ ಧೈರ್ಯಕ್ಕೆ ಅದು ಬೇಕಾಗುತ್ತದೆ.

ನಾನು ಎಂಜಿನಿಯರ್. ಮೂರು ವರ್ಷ ಸಂಜೆ ತರಗತಿಗಳಿಗೆ ಹೋಗಿ ಜಪಾನಿ ಕಲಿತು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್2 ಹಂತವನ್ನು ಪಾಸು ಮಾಡಿದ್ದೇನೆ. ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ದುಭಾಷಿಗಳಿಗೆ ಬೇಡಿಕೆಯಿದೆ ಎಂದು ಕೇಳಿದ್ದೇನೆ. ಕೆಲಸ ಬಿಟ್ಟು ಆ ಕಡೆ ಹೋಗಬಹುದೇ, ಅಥವಾ ಮತ್ತೆ ಓದಬೇಕೇ? ಅನುವಾದಕರಿಗೂ ದುಭಾಷಿಗಳಿಗೂ ನಿಜವಾಗಿ ಏನು ವ್ಯತ್ಯಾಸ? — ಎಲೆಕ್ಟ್ರಾನಿಕ್ ಸಿಟಿಯ ಓದುಗರು

ಮೊದಲು ಒಂದು ಅಪ್ರಿಯ ಸತ್ಯ: ನೀವು ಪಾಸು ಮಾಡಿರುವ ಪರೀಕ್ಷೆಯಲ್ಲಿ ಮಾತನಾಡಿಸಿ ನೋಡುವ ಭಾಗವೇ ಇಲ್ಲ. ಪದ, ವ್ಯಾಕರಣ, ಓದು ಮತ್ತು ಆಲಿಸುವಿಕೆಯನ್ನು ಅದು ಅಳೆಯುತ್ತದೆ. ಎನ್2 ದೊಡ್ಡ ಸಾಧನೆಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಒಳ್ಳೆಯ ಅನುವಾದಕನಾಗಬಲ್ಲೆ ಎಂಬುದರ ಸೂಚನೆಯೇ ಹೊರತು ದುಭಾಷಿಯಾಗಬಲ್ಲೆ ಎಂಬುದರ ಪ್ರಮಾಣವಲ್ಲ.

ಅನುವಾದಕರಿಗೆ ನಿಘಂಟು ಇದೆ, ಹಿಂದಿನ ಪುಟಕ್ಕೆ ಮರಳುವ ಅವಕಾಶವಿದೆ, ರಾತ್ರಿ ಮಲಗಿ ಬೆಳಗ್ಗೆ ತಿದ್ದುವ ಅನುಕೂಲವಿದೆ. ದುಭಾಷಿಗೆ ಇವು ಯಾವುವೂ ಇಲ್ಲ; ಅವರ ಬಾಯಿಂದ ಬಂದ ಮಾತು ಆಗಲೇ ಹೊರಟುಹೋಗಿರುತ್ತದೆ. ಅದರಲ್ಲಿಯೂ ಎರಡು ಮುಖ್ಯ ಬಗೆಗಳಿವೆ. ಮಾತುಗಾರರು ಸ್ವಲ್ಪ ಹೊತ್ತು ಮಾತನಾಡಿ ನಿಲ್ಲಿಸಿದ ಮೇಲೆ ದುಭಾಷಿ ಹೇಳುವುದು ಅನುಕ್ರಮ ವಿಧಾನ. ಗಾಜಿನ ಬೂತಿನಲ್ಲಿ ಕುಳಿತು, ಕಿವಿಯಲ್ಲಿ ಕೇಳುತ್ತಲೇ ಬಾಯಲ್ಲಿ ಹೇಳುತ್ತ ಹೋಗುವುದು ಏಕಕಾಲಿಕ ವಿಧಾನ. ಎರಡನೆಯದು ಜಗತ್ತಿನ ಗಮನಕ್ಕೆ ಬಂದದ್ದು 1945ರಲ್ಲಿ ಆರಂಭವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ. ಇಂಗ್ಲಿಷ್, ಫ್ರೆಂಚ್, ರಷ್ಯನ್ ಮತ್ತು ಜರ್ಮನ್ ನಾಲ್ಕೂ ಅಲ್ಲಿ ಒಟ್ಟಿಗೆ ನಡೆದವು. ಮಾತಿನ ವೇಗ ಹೆಚ್ಚಾದರೆ ಹಳದಿ ದೀಪ, ನಿಲ್ಲಿಸಲೇಬೇಕಾದರೆ ಕೆಂಪು ದೀಪ ಬೆಳಗುವ ಏರ್ಪಾಡಿತ್ತು. ನಮ್ಮ ಎಷ್ಟೋ ಸಭೆಗಳಲ್ಲಿ ಕುಳಿತಾಗ ಆ ಹಳದಿ ದೀಪವನ್ನು ನಾನು ಆಸೆಯಿಂದ ನೆನೆದಿದ್ದೇನೆ. ನಮ್ಮ ಲೋಕಸಭೆಯಲ್ಲಿ ಏಕಕಾಲಿಕ ವ್ಯವಸ್ಥೆ 1964ರಲ್ಲಿ ಬಂತು.

ಈ ಕೆಲಸ ಏಕೆ ಕಷ್ಟ ಎಂಬುದಕ್ಕೆ ಫ್ರಾನ್ಸಿನ ಡೇನಿಯಲ್ ಝೀಲ್ ಅವರ ವಿವರಣೆಯನ್ನು ನಾನು ತರಗತಿಯಲ್ಲಿ ಬಳಸುತ್ತೇನೆ. ಆಲಿಸುವುದು, ಆಲಿಸಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವುದು, ಇನ್ನೊಂದು ಭಾಷೆಯಲ್ಲಿ ಹೇಳುವುದು, ಈ ಮೂರನ್ನೂ ಹೊಂದಿಸಿಕೊಳ್ಳುವುದು, ಇವೆಲ್ಲಕ್ಕೂ ಗಮನವೆಂಬ ಒಂದೇ ಗಂಟಿನಿಂದ ಖರ್ಚಾಗಬೇಕು. ಹೀಗಾಗಿ ಕಷ್ಟದ ವಾಕ್ಯದಲ್ಲಿ ಎಡವದ ದುಭಾಷಿ ಅದರ ಮುಂದಿನ ಸುಲಭದ ವಾಕ್ಯದಲ್ಲಿ ಎಡವುತ್ತಾರೆ, ಏಕೆಂದರೆ ಹಿಂದಿನದಕ್ಕೇ ಗಂಟು ಖಾಲಿಯಾಗಿರುತ್ತದೆ. ಇದೇ ಕಾರಣಕ್ಕೆ ಬೂತಿನಲ್ಲಿ ಇಬ್ಬರಿದ್ದು, 20 ರಿಂದ 30 ನಿಮಿಷಕ್ಕೊಮ್ಮೆ ಸರದಿ ಬದಲಿಸುವುದು ವೃತ್ತಿಯ ಕ್ರಮ. ಒಮ್ಮೆ ಒಂದು ಸಮ್ಮೇಳನದ ಸಂಘಟಕರು ಎರಡನೆಯವರ ಖರ್ಚನ್ನು ಉಳಿಸಲು ನನ್ನೊಬ್ಬನನ್ನೇ ಸುಮಾರು ಎರಡು ಗಂಟೆ ಕೂರಿಸಿದರು. ನಡುವೆ ಎಲ್ಲಿಯೋ "ಇಳಿಕೆ" ಎನ್ನಬೇಕಾದಲ್ಲಿ "ಏರಿಕೆ" ಎಂದಿದ್ದೆ. ಅದು ನನಗೆ ಗೊತ್ತಾದದ್ದು ಚಹಾದ ವಿರಾಮದಲ್ಲಿ, ಅದೂ ಕೇಳುಗರೊಬ್ಬರ ಬಾಯಿಂದ. ನಾನು ಆ ಕರಾರಿಗೆ ಒಪ್ಪಿದ್ದೇ ತಪ್ಪು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇನ್ನೊಂದು ತೊಡಕಿದೆ. "ಕಳೆದ ವರ್ಷ ಸರ್ಕಾರ ಘೋಷಿಸಿದ, ಎಲ್ಲ ಪಕ್ಷಗಳೂ ಸ್ವಾಗತಿಸಿದ, ರೈತ ಸಂಘಗಳು ಮಾತ್ರ ಶಂಕಿಸಿದ ಈ ಯೋಜನೆಯನ್ನು ನಮ್ಮ ಸಮಿತಿಯು ಯಾವ ಕಾರಣಕ್ಕೂ..." ಎಂದು ಭಾಷಣಕಾರರು ಉಸಿರೆಳೆದುಕೊಂಡರೆ, ಮುಂದೆ ಬರುವುದು "ಒಪ್ಪುವುದಿಲ್ಲ" ಎಂದೋ "ಕೈಬಿಡುವುದಿಲ್ಲ" ಎಂದೋ ಯಾರಿಗೆ ಗೊತ್ತು? ಇಂಗ್ಲಿಷಿಗೆ ಕ್ರಿಯಾಪದ ಮೊದಲೇ ಬೇಕು, ನಮ್ಮದು ಕಟ್ಟಕಡೆಗೆ ಬರುತ್ತದೆ. ಇಲ್ಲಿ ನಿಮಗೊಂದು ಅನುಕೂಲವಿದೆ, ಅದನ್ನು ಗಮನಿಸಿದ್ದೀರೋ ಇಲ್ಲವೋ ತಿಳಿಯದು: ಜಪಾನಿಯಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಶೇಷಣ ವಾಕ್ಯಗಳು ನಾಮಪದಕ್ಕಿಂತ ಮೊದಲೇ ಕೂರುತ್ತವೆ, ಗೌರವದ ಮೆಟ್ಟಿಲುಗಳೂ ಇವೆ. ಕಾರ್ಖಾನೆಯಲ್ಲಿ ಜಪಾನಿ ತಜ್ಞರು ಕನ್ನಡದ ಕೆಲಸಗಾರರೊಡನೆ ಮಾತನಾಡುವಾಗ ನಡುವೆ ಇಂಗ್ಲಿಷನ್ನು ತಂದು ಎರಡು ಸಲ ತಿರುವು ಹಾಕುವುದಕ್ಕಿಂತ ನೇರವಾಗಿ ಕನ್ನಡಕ್ಕೆ ದಾಟುವುದು ಸಲೀಸು. "ಕೈಜೆನ್" (ನಿರಂತರ ಸುಧಾರಣೆ), "ಗೆಂಬಾ" (ಕೆಲಸ ನಡೆಯುವ ಜಾಗ) ಮುಂತಾದ ಮಾತುಗಳನ್ನು ಅನುವಾದಿಸಲು ಹೋಗಬೇಡಿ, ಕಾರ್ಖಾನೆಯ ಕನ್ನಡ ಅವನ್ನು ಈಗಾಗಲೇ ಒಳಗೆ ಸೇರಿಸಿಕೊಂಡಿದೆ.

ಕೆಲಸ ಬಿಡಬೇಕೇ ಎಂದರೆ, ಈಗಲೇ ಬೇಡ ಎನ್ನುತ್ತೇನೆ. ಭಾರತದಲ್ಲಿ ಅನುವಾದಕ್ಕೆ ಹೋಲಿಸಿದರೆ ದುಭಾಷಿ ವಿದ್ಯೆಯ ಪಾಠ ವಿರಳ. ವಿದೇಶಿ ಭಾಷೆಗಳ ಜೊತೆಗೆ ಅದನ್ನು ಕಲಿಸುವುದರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಕ್ಕೆ ಹಳೆಯ ಹೆಸರಿದೆ. ಪೂರ್ಣ ಪ್ರಮಾಣದ ಶಾಲೆಗಳ ಪರಂಪರೆ ಯೂರೋಪಿನದು: ಜಿನೀವಾದ ಶಾಲೆ 1941ರದು, ಪ್ಯಾರಿಸ್ಸಿನ ಎಸಿಟ್ 1957ರದು. ಅಷ್ಟು ದೂರ ಹೋಗುವ ಮೊದಲು ಆರು ತಿಂಗಳು ಮನೆಯಲ್ಲಿ ಅನುಕ್ರಮದ ಅಭ್ಯಾಸ ಮಾಡಿನೋಡಿ. ಎರಡು ನಿಮಿಷದ ಭಾಷಣವನ್ನು ಕೇಳಿ, ನಿಲ್ಲಿಸಿ, ನಿಮ್ಮ ಮಾತಿನಲ್ಲಿ ಹೇಳಿ ಧ್ವನಿಮುದ್ರಿಸಿಕೊಳ್ಳಿ, ಮರುದಿನ ಕೇಳಿಸಿಕೊಳ್ಳಿ. ಟಿಪ್ಪಣಿ ಬರೆಯುವಾಗ ಪದಗಳನ್ನು ಬರೆಯಬೇಡಿ. 1956ರಲ್ಲಿ ಝಾನ್ ಫ್ರಾನ್ಸ್ವಾ ರೋಜಾನ್ ಸೂತ್ರೀಕರಿಸಿದ ಪದ್ಧತಿಯೇ ಇಂದಿಗೂ ಪಾಠಗಳ ಬುನಾದಿ: ಪದವನ್ನಲ್ಲ, ವಿಚಾರವನ್ನು ಬರೆಯಬೇಕು, ಅಡ್ಡಸಾಲಿನ ಬದಲು ಮೇಲಿನಿಂದ ಕೆಳಕ್ಕೆ ಓರೆಯಾಗಿ ಬರೆಯಬೇಕು, "ಆದರೆ", "ಆದ್ದರಿಂದ" ಎಂಬ ಕೊಂಡಿಗಳನ್ನು ಮಾತ್ರ ಎಂದೂ ಬಿಡಬಾರದು. ಮರುದಿನ ಕೇಳಿಸಿಕೊಂಡಾಗ ನಿಮಗೇ ನಾಚಿಕೆಯಾದರೆ ಗಾಬರಿಯಾಗಬೇಡಿ, ಮೂರನೆಯ ತಿಂಗಳಿಗೆ ಅದು ಕಡಿಮೆಯಾಗುತ್ತದೆ. ಆಗಲೂ ಆಗದಿದ್ದರೆ ಅನುವಾದವೇ ನಿಮ್ಮ ದಾರಿ, ಅದರಲ್ಲಿ ಅವಮಾನವೇನಿಲ್ಲ.

ನನ್ನ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಆರನೆಯ ವಯಸ್ಸಿನಿಂದ ಬ್ಯಾಂಕು, ಆಸ್ಪತ್ರೆ, ಪಡಿತರದ ಅಂಗಡಿ ಎಲ್ಲ ಕಡೆ ಅವರ ಮಾತನ್ನು ಹೇಳುತ್ತ ಬಂದಿದ್ದೇನೆ. ಇದೂ ದುಭಾಷಿ ಕೆಲಸವೇ? ಇದಕ್ಕೆ ಓದು ಇದೆಯೇ? — ಬಸವನಗುಡಿಯ ಓದುಗರು

ಖಂಡಿತವಾಗಿಯೂ ಇದು ದುಭಾಷಿ ಕೆಲಸ. ನಮ್ಮಲ್ಲಿ ಅತ್ಯಂತ ಹೆಚ್ಚು ನಡೆಯುವ, ಅತ್ಯಂತ ಕಡಿಮೆ ಲೆಕ್ಕಕ್ಕೆ ಬರುವ ದುಭಾಷಿ ಕೆಲಸವಿದು. ಭಾರತೀಯ ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ. ಅದು ಕೈಯಲ್ಲಿ ಬರೆದ ಕನ್ನಡವಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಸಂಜ್ಞಾಭಾಷಾ ದುಭಾಷಿ ಡಿಪ್ಲೊಮಾ ಇದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅದನ್ನು ಕಲಿಸುತ್ತದೆ. ಸಂವಹನದ ಅರ್ಥದೊಳಗೆ ಸಂಜ್ಞಾಭಾಷೆಯನ್ನು ಸೇರಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಈ ವಿದ್ಯೆ ಕಲಿತವರ ಅಗತ್ಯ ಹೆಚ್ಚಿದೆ.

ನಿಮಗೆ ಭಾಷೆಯನ್ನು ಕಲಿಸುವ ಅಗತ್ಯ ಅವರಿಗೆ ಬೀಳುವುದಿಲ್ಲ. ನೀವು ಅಲ್ಲಿ ಕಲಿಯಬೇಕಾದದ್ದು ಬಹುಶಃ ಎಲ್ಲಕ್ಕಿಂತ ಕಷ್ಟದ್ದು, ಅಂದರೆ ನಡುವೆ ಬರದೆ ಇರುವುದು. ವೈದ್ಯರು ಹೇಳಿದ ಕೆಟ್ಟ ಸುದ್ದಿಯನ್ನು ಮಗನೋ ಮಗಳೋ ಆಗಿ ಮೆತ್ತಗೆ ಮಾಡಿ ಹೇಳುವ ಅಭ್ಯಾಸ ನಿಮಗೆ ಆಗಿಹೋಗಿರುತ್ತದೆ. ದುಭಾಷಿಗೆ ಆ ಸ್ವಾತಂತ್ರ್ಯವಿಲ್ಲ. ತರಬೇತಿ ಮುಗಿದ ಮೇಲೂ ನಿಮ್ಮ ತಂದೆ ತಾಯಿಯ ಆಸ್ಪತ್ರೆಯ ವಿಷಯಕ್ಕೆ ಸಾಧ್ಯವಾದಷ್ಟು ಇನ್ನೊಬ್ಬ ದುಭಾಷಿಯನ್ನು ಕರೆಸಿ. ಅಲ್ಲಿ ಅವರಿಗೆ ಬೇಕಾದದ್ದು ಪಕ್ಕದಲ್ಲಿ ಕೂರುವ ಮಗು.

ನಾನು ನಗರದಲ್ಲಿ ವಕೀಲೆ. ವಲಸೆ ಕಾರ್ಮಿಕರು ಸಾಕ್ಷಿ ಹೇಳುವಾಗ ಅವರ ಭಾಷೆ ಬಲ್ಲವರು ಯಾರೋ ಸಿಕ್ಕವರನ್ನು ನಿಲ್ಲಿಸುವುದನ್ನು ನೋಡಿದ್ದೇನೆ. ನ್ಯಾಯಾಲಯದ ಅನುವಾದವನ್ನೇ ಶಾಸ್ತ್ರೀಯವಾಗಿ ಕಲಿಯಬೇಕೆಂದಿದ್ದೇನೆ. ಯಾವುದಕ್ಕೆ ಹೆಚ್ಚು ಒತ್ತು ಕೊಡಲಿ? — ಮಲ್ಲೇಶ್ವರದ ಓದುಗರು

ಕಾನೂನು ಸ್ಪಷ್ಟವಾಗಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲಿಯೇ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಪ್ರಕರಣವೂ, ದುಭಾಷಿಯು ಸತ್ಯವಾದ ಭಾಷಾಂತರವನ್ನೇ ಹೇಳಲು ಬದ್ಧರೆಂದು 282ನೆಯ ಪ್ರಕರಣವೂ ವಿಧಿಸಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದೇ ಆಶಯದ ಪ್ರಕರಣಗಳಿವೆ. ಇದರ ಮೇಲೆ, ನಮ್ಮ ಕೆಳಹಂತದ ನ್ಯಾಯಾಲಯಗಳ ವ್ಯವಹಾರ ಕನ್ನಡದಲ್ಲಿದ್ದರೆ ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಮೇಲ್ಮನವಿಯೆಂದರೆ ಅನುವಾದದ ಮೂಟೆಯೇ ಎಂಬುದು ನಿಮಗೆ ಗೊತ್ತು.

ಒತ್ತು ಕೊಡಬೇಕಾದದ್ದು ಕಾನೂನಿನ ಪಾರಿಭಾಷಿಕ ಪದಗಳಿಗೆ ಎಂದು ನೀವು ಭಾವಿಸಿರಬಹುದು. ಫಿರ್ಯಾದಿ, ಮಹಜರು, ಜಾಮೀನು, ಖುಲಾಸೆ ಇವು ನಿಮಗೆ ಕರತಲಾಮಲಕ. ತಪ್ಪುಗಳು ನಡೆಯುವುದು ಮನೆಮಾತಿನಲ್ಲಿ. ನನ್ನ ಕೈಗೆ ಬಂದ ಒಂದು ಆಸ್ತಿ ದಾವೆಯ ಕಡತದಲ್ಲಿ ಸಾಕ್ಷಿಯು "ನಮ್ಮ ಮಾವ ಕೊಟ್ಟದ್ದು" ಎಂದದ್ದನ್ನು ಹಿಂದಿನ ಅನುವಾದಕರು ಹೆಂಡತಿಯ ತಂದೆ ಎಂದು ಇಂಗ್ಲಿಷಿಗೆ ತಿರುಗಿಸಿದ್ದರು. ಅವರು ಸೋದರಮಾವ. ಆಸ್ತಿ ಯಾವ ಕಡೆಯದೆಂಬ ವಾದವೇ ತಲೆಕೆಳಗಾಗಿತ್ತು. ಸೋದರಮಾವನ ಮಗಳನ್ನು ಮದುವೆಯಾದ ಮನೆಗಳಲ್ಲಿ ಎರಡೂ ಒಬ್ಬರೇ ಆಗಿಬಿಡುವುದುಂಟು, ಅದು ಬೇರೆ ಮಾತು. ಆಚೆಯಿಂದ ಬಂದಾಗಲೂ ಅಷ್ಟೆ: ಇಂಗ್ಲಿಷಿನ "ಬ್ರದರ್ ಇನ್ ಲಾ" ಎಂಬ ಒಂದೇ ಮಾತಿಗೆ ನಮ್ಮಲ್ಲಿ ಭಾವ, ಮೈದುನ, ಷಡ್ಡಕ ಎಂದು ಮೂರು ಬೇರೆ ಬೇರೆ ಮನುಷ್ಯರಿದ್ದಾರೆ. ಅನುಮಾನ ಬಂದಾಗ ಊಹಿಸದೆ, ನ್ಯಾಯಾಧೀಶರ ಅನುಮತಿ ಕೇಳಿ ಸಾಕ್ಷಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ದುಭಾಷಿಯ ಕರ್ತವ್ಯ.

ಎರಡನೆಯದು, ಉತ್ತಮ ಪುರುಷ. ಸಾಕ್ಷಿ "ನಾನು ನೋಡಿದೆ" ಎಂದರೆ ದುಭಾಷಿಯೂ "ನಾನು ನೋಡಿದೆ" ಎನ್ನಬೇಕೇ ಹೊರತು "ಅವನು ನೋಡಿದನಂತೆ" ಎನ್ನಬಾರದು. ಆ "ಅಂತೆ" ಎಂಬ ಎರಡಕ್ಷರ ಕಣ್ಣಾರೆ ಕಂಡದ್ದನ್ನು ಕೇಳಿದ ಮಾತನ್ನಾಗಿ ಮಾಡಿಬಿಡುತ್ತದೆ. ಸಾಕ್ಷಿ ತಡವರಿಸಿದರೆ ಆ ತಡವರಿಕೆಯೂ ದಾಟಬೇಕು. ಒರಟಾಗಿ ಬೈದದ್ದನ್ನು ಸಭ್ಯಗೊಳಿಸುವುದು ಕೂಡ ಸಾಕ್ಷ್ಯವನ್ನು ತಿದ್ದಿದಂತೆಯೇ.

ಮಗಳು ಅನುವಾದದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಅನುವಾದವಾಗುವ ಈ ಕಾಲದಲ್ಲಿ ಅವಳಿಗೆ ಕೆಲಸ ಕೊಡುವವರು ಯಾರು? — ಜಯನಗರದ ತಾಯಿಯೊಬ್ಬರು

ನಿಮ್ಮ ಆತಂಕ ಸಹಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಸರ್ವೋಚ್ಚ ನ್ಯಾಯಾಲಯವು ತೀರ್ಪುಗಳ ಅನುವಾದಕ್ಕೆ ಸುವಾಸ್ ಎಂಬ ತಂತ್ರಾಂಶವನ್ನು 2019ರಲ್ಲಿ ತಂದಿತು. ಕೇಂದ್ರ ಸರ್ಕಾರದ ಭಾಷಿಣಿ ಎಂಬ ಯಂತ್ರಾನುವಾದದ ವೇದಿಕೆ 2022ರಲ್ಲಿ ಬಂತು. ಬಳಕೆಯ ಸೂಚನೆಗಳ ಪಟ್ಟಿ, ಸಾಮಾನಿನ ವಿವರ, ಒಂದೇ ಮಾದರಿಯ ಪತ್ರ ಮುಂತಾದ ಸರಳ ಕೆಲಸಗಳು ಯಂತ್ರಕ್ಕೆ ಹೋಗಿವೆ, ಅವು ಮರಳಿ ಬರುವುದಿಲ್ಲ.

ಆದರೂ ಬೆಂಗಳೂರಿನ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಿ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಕನ್ನಡದಲ್ಲಿ ಪ್ರಕಟಿಸಲಾಗಿತ್ತು. ಮೆಟಾ ಸಂಸ್ಥೆಯ ಸ್ವಯಂಚಾಲಿತ ಅನುವಾದವು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಗಳೇ ತೀರಿಕೊಂಡರೆಂಬ ಅರ್ಥ ಬರುವಂತೆ ಮಾಡಿತು. ಪ್ರತಿಭಟನೆಯ ಪತ್ರ ಹೋಯಿತು, ಸಂಸ್ಥೆ ಕ್ಷಮೆ ಕೇಳಿತು. ವಾಕ್ಯ ಇಂಗ್ಲಿಷಿನಲ್ಲಿ ನಯವಾಗಿಯೇ ಕಾಣುವಾಗ ಒಳಗಿನ ತಪ್ಪನ್ನು ಹಿಡಿಯಬಲ್ಲವರು ಮೂಲವನ್ನು ಓದಬಲ್ಲವರು ಮಾತ್ರ. ಯಂತ್ರದ ಅನುವಾದವನ್ನು ಮನುಷ್ಯರು ತಿದ್ದುವ ಕೆಲಸ ಈಗ ಒಂದು ಪ್ರತ್ಯೇಕ ಕಸುಬು; ಅದಕ್ಕೂ 2017ರಲ್ಲಿ ಐಎಸ್‌ಒ 18587 ಎಂಬ ಮಾನಕ ಬಂದಿದೆ. ಅದರಲ್ಲಿ ಕೆಲಸವಿದೆ, ಆದರೆ ಸ್ವಂತ ಅನುವಾದದ ಸಂತೋಷವೂ ಸಂಭಾವನೆಯೂ ಅದರಲ್ಲಿಲ್ಲ ಎಂಬುದನ್ನು ಮುಚ್ಚಿಡಬಾರದು.

ಮಗಳಿಗೆ ನನ್ನ ಸಲಹೆಯೆಂದರೆ ಅನುವಾದದ ಜೊತೆಗೆ ಇನ್ನೊಂದು ವಿಷಯವನ್ನು ಗಟ್ಟಿಮಾಡಿಕೊಳ್ಳಲಿ: ಕಾನೂನು, ವೈದ್ಯಕೀಯ, ಲೆಕ್ಕಪತ್ರ, ಯಾವುದಾದರೂ ಸರಿ. "ಎದೆ ಹಿಡಿದುಕೊಂಡ ಹಾಗಾಗುತ್ತದೆ", "ಹೊಟ್ಟೆ ತೊಳಸುತ್ತದೆ", "ಬವಳಿ ಬಂತು", "ಚಳುಕು ಹೊಡೆಯಿತು" ಎಂದು ರೋಗಿ ಹೇಳುವ ನಾಲ್ಕು ಮಾತುಗಳು ನಾಲ್ಕು ಬೇರೆ ಬೇರೆ ತಪಾಸಣೆಗಳಿಗೆ ದಾರಿ ತೋರುತ್ತವೆ. ಕನ್ನಡ ಬಾರದ ವೈದ್ಯರಿಗೆ ಅವನ್ನು ಸರಿಯಾಗಿ ಮುಟ್ಟಿಸಬಲ್ಲವರು ಈ ಊರಿನಲ್ಲಿ ನಿರುದ್ಯೋಗಿಗಳಾಗಿ ಉಳಿಯುವುದನ್ನು ನಾನು ಕಂಡಿಲ್ಲ. ಸರ್ಕಾರಿ ನೌಕರಿಯ ಆಸೆಯಿದ್ದರೆ ರಾಜ್ಯದ ಭಾಷಾಂತರ ನಿರ್ದೇಶನಾಲಯ ಮತ್ತು ಉಚ್ಚ ನ್ಯಾಯಾಲಯದ ಭಾಷಾಂತರಕಾರರ ಹುದ್ದೆಗಳ ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಲಿ. ಕೇಂದ್ರದ ಅನುವಾದಕ ಹುದ್ದೆಗಳ ಪರೀಕ್ಷೆ ಹಿಂದಿ ಮತ್ತು ಇಂಗ್ಲಿಷ್ ಜೋಡಿಗೆ ಸೇರಿದ್ದು. ಹಿಂದಿಯನ್ನು ಆ ಮಟ್ಟಕ್ಕೆ ಓದಿರದಿದ್ದರೆ ಅದರ ಹಿಂದೆ ಬೀಳುವುದು ಬೇಡ.

ಒಂದು ಏಜೆನ್ಸಿಯವರು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿದರೆ "ಕನ್ನಡದ ಪದಕ್ಕೆ ಇಷ್ಟು" ಎಂದು ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ? — ಯಲಹಂಕದ ಓದುಗರು

ಒಪ್ಪಬೇಡಿ, ಮೂಲದ ಪದಗಳ ಲೆಕ್ಕ ಕೇಳಿ. ಇಂಗ್ಲಿಷಿನಲ್ಲಿ "ಇನ್ ದ ಹೌಸ್" ಎಂಬ ಮೂರು ಪದ ನಮ್ಮಲ್ಲಿ "ಮನೆಯಲ್ಲಿ" ಎಂಬ ಒಂದೇ ಪದವಾಗುತ್ತದೆ. "ಬರಲಾಗದಿದ್ದರೆ" ಎಂಬ ನಮ್ಮ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ನಾಲ್ಕೈದು ಪದಗಳು ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಅಂಟಿಸಿಕೊಂಡು ನಡೆಯುವ ಭಾಷೆಯಲ್ಲಿ ಪದಗಳ ಎಣಿಕೆ ಯಾವಾಗಲೂ ಕಡಿಮೆ ಬರುತ್ತದೆ. ಒಳ್ಳೆಯ ಸಂಧಿ ಮಾಡಿದಷ್ಟೂ ನಷ್ಟವಾಗುವ ಕರಾರು ಅದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಮಾತ್ರ ಇದೇ ಲೆಕ್ಕವನ್ನು ತಿರುಗಿಸಿ ಇಂಗ್ಲಿಷ್ ಪದಗಳಿಗೆ ಹಣ ಕೇಳಿ. ಆಗ ಏಜೆನ್ಸಿಯವರು ಮೂಲದ ಲೆಕ್ಕವೇ ನ್ಯಾಯವೆಂದು ವಾದಿಸುತ್ತಾರೆ, ಅದನ್ನೂ ನಗುತ್ತ ಕೇಳಿಸಿಕೊಳ್ಳಿ.

ಅನುವಾದ ಕಲಿಯುವವರ ಮೇಜಿನ ಮೇಲೆ ಯಾವ ನಿಘಂಟು ಇರಬೇಕು? — ಹನುಮಂತನಗರದ ಓದುಗರು

ಒಂದೇ ಸಾಲದು. ಪದದ ಹಳೆಯ ಬಳಕೆ ತಿಳಿಯಬೇಕಾದಾಗ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು; ಅಷ್ಟು ಜಾಗವಿಲ್ಲದವರು ಗ್ರಂಥಾಲಯದಲ್ಲಿ ನೋಡಬಹುದು. 1894ರಲ್ಲಿ ಹೊರಬಂದ ಕಿಟ್ಟೆಲ್ಲರ ಕನ್ನಡ ಇಂಗ್ಲಿಷ್ ನಿಘಂಟು ಗಾದೆ, ಆಡುಮಾತುಗಳ ಉದಾಹರಣೆಗಳಿಗಾಗಿ ಇಂದಿಗೂ ಬೇಕಾಗುತ್ತದೆ. ದಿನನಿತ್ಯದ ಹುಡುಕಾಟಕ್ಕೆ ವಿ. ಕೃಷ್ಣ ಅವರ ಅಲರ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇವುಗಳ ಪಕ್ಕದಲ್ಲಿ ಒಂದು ಖಾಲಿ ನೋಟುಪುಸ್ತಕವನ್ನೂ ಇಟ್ಟುಕೊಳ್ಳಿ. ಗ್ಯಾರೇಜಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಹೂವಿನ ಮಾರುಕಟ್ಟೆಯಲ್ಲಿ ಕೇಳಿದ ಮಾತನ್ನು ತಾರೀಖಿನೊಡನೆ, ಯಾರು ಯಾವ ಸಂದರ್ಭದಲ್ಲಿ ಹೇಳಿದರೆಂಬ ವಿವರದೊಡನೆ ಬರೆದಿಡಿ. ನನ್ನದು ಈಗ ಹನ್ನೊಂದನೆಯ ಪುಸ್ತಕ. ಮೊನ್ನೆ ಗಾಂಧಿಬಜಾರಿನಲ್ಲಿ ಹೂ ಕಟ್ಟುವವರಿಂದ ಕೇಳಿ ಬರೆದುಕೊಂಡ ಮಾತು "ಕುಚ್ಚು".